ಕಾಕಿಯ ಜರ್ಮನ್ ಕ್ರಿಯಾಪದಗಳು

ನಮ್ಮ ಕಾಕಿಯ ಮನೆಯಲ್ಲಿ ನೀರು ಕೇಳಿದರೆ ಮೊದಲು ಸಿಗುವುದು ಜರ್ಮನ್! ‘ಟ್ರಿಂಕೆನ್, ಟ್ರಾಂಕ್, ಗೆಟ್ರುಂಕೆನ್’ ಎಂದು ಕುಡಿಯುವುದರ ಎಲ್ಲ ರೂಪಗಳನ್ನೂ ಒಪ್ಪಿಸಿಯೇ ಅವರು ಲೋಟ ತುಂಬಿಸುವುದು. ಅಷ್ಟರಲ್ಲಿ ಕೇಳಿದವನ ಗಂಟಲು ಬೀದರಿನ ಮೇ ತಿಂಗಳಾಗಿರುತ್ತದೆ.

ಕಾಕಿ ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಜರ್ಮನಿಗೆ ನರ್ಸುಗಳು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ನಲವತ್ತು ದಾಟಿದ ಮೇಲೆ ಭಾಷೆ ಕಲಿಯಲು ಕುಳಿತರು. ನಿಯಮಕ್ಕೆ ಬಗ್ಗದ ಕ್ರಿಯಾಪದಗಳೇ ಅವರ ವೈರಿಗಳು. ಒಮ್ಮೆ ಔರಾದ ಬಸ್ಸಿನಲ್ಲಿ ಕಣ್ಣು ಮುಚ್ಚಿ, ‘ಷ್ಪ್ರೆಖೆನ್, ಷ್ಪ್ರಾಖ್, ಗೆಷ್ಪ್ರೋಖೆನ್’ ಎಂದು ಮಾತಾಡುವುದರ ರೂಪಗಳನ್ನು ಜಪಿಸುತ್ತ ತೂಗಾಡುತ್ತಿದ್ದರಂತೆ. ಪಕ್ಕದ ಮುದುಕಿ ಗಾಬರಿಯಾಗಿ ಕೈಮುಗಿದಳು.

“ಯಾವ ದೇವರು ಬಂದದವ್ವಾ ಮೈಮ್ಯಾಲ? ನಮ್ಮ ಕುರಿ ತಪ್ಪಿಸ್ಕೊಂಡದ, ಎಲ್ಲಿ ಅದ ಅಂತ ಹೇಳು!”

ಬೀದರ ಪಕ್ಕದ ಕೊಳಾರದ ಕಾರ್ಖಾನೆಯಿಂದ ದಣಿದು ಬರುವ ಕಾಕಾಗೆ ಇದು ತಲೆನೋವು.

“ಏನ್ ಭಾಷಾನೋ! ಒಂದ ಮಾತಿಗಿ ಎಷ್ಟು ವೇಷ?”

“ನಮ್ಮಲ್ಲಿ ಹ್ಯಾಂಗ್ರಿ? ಬರು ಅಂದ್ರ ‘ಬಂದೆ’ ಅಂತೀರಿ. ‘ಬರಿದೆ’ ಅಂತೀರೇನು?”

ಆಮೇಲೆ ಕಾಕಾ ಊಟಕ್ಕಷ್ಟೇ ಬಾಯಿ ತೆರೆದರು.

ಕೊನೆಗೆ ಜರ್ಮನಿಯ ಆಸ್ಪತ್ರೆಯವರು ವಿಡಿಯೋದಲ್ಲಿ ಸಂದರ್ಶನ ಇಟ್ಟರು. ನೆಟ್ ಚೆನ್ನಾಗಿದೆಯೆಂದು ಕಾಕಿ ಬೀದರಿನ ಮೈಲೂರದಲ್ಲಿರುವ ನಮ್ಮ ಮನೆಗೆ ಬಂದರು. ಬಾಗಿಲು ಮುಚ್ಚಿತು. ಹೊರಗೆ ನಾವು. ಮಿಕ್ಸರ್ ಬಂದ್, ಟಿವಿ ಬಂದ್, ಕೆಮ್ಮು ಕೂಡ ಬಂದ್! ಇಷ್ಟರಲ್ಲಿ ಕರೆಂಟು ಹೋಗಬೇಕೇ? ಕಾಕಾ ಹಾಟ್‌ಸ್ಪಾಟ್ ಆನ್ ಮಾಡಿ ತಮ್ಮ ಫೋನನ್ನು ಬಾಗಿಲ ಸಂದಿನಿಂದ ಒಳಗೆ ತಳ್ಳಿದರು.

ವಿಡಿಯೋದ ದನಿ ಜರ್ಮನ್‌ನಲ್ಲಿ ಪ್ರಶ್ನೆ ಹಾಕಿತು: ನಿನ್ನೆ ವಾರ್ಡಿನಲ್ಲಿ ಏನು ಮಾಡಿದಿರಿ? ಕಾಕಿಯ ಸಹವಾಸದಿಂದ ನಮಗೂ ಅಷ್ಟು ಅರ್ಥವಾಗುತ್ತಿತ್ತು. ‘ಒಬ್ಬ ಅಜ್ಜಿಗೆ ಸಹಾಯ...’ ಎಂದು ಶುರುಮಾಡಿದ ಕಾಕಿ, ‘ಗೆ... ಗೆ...’ ಎಂದು ನಿಂತುಬಿಟ್ಟರು. ಕಾಕಾ ಬಾಗಿಲ ಪರದೆಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು.

‘ಗೆಹೆಲ್ಫ್ಟ್!’

ಸತ್ತೆವು, ತಪ್ಪು! ಮರುಗಳಿಗೆಯೇ ಕಾಕಿ ತಾವಾಗಿಯೇ ನಕ್ಕು, ಜರ್ಮನ್‌ನಲ್ಲೇ ಕ್ಷಮೆ ಕೇಳಿ, ‘ಗೆಹೋಲ್ಫೆನ್’ ಎಂದು ಸರಿಯಾದ ರೂಪ ಹೇಳಿದರು. ಆಚೆಯವರೂ ನಕ್ಕರು.

ಸಂಜೆ ಆಯ್ಕೆಯಾದ ಸುದ್ದಿ ಬಂತು. ಅವ್ವ ಎಲ್ಲರಿಗೂ ಪೇಢೆ ಕೊಟ್ಟಳು. ಮೊದಲು ಕಾಕಿ ಒಬ್ಬರೇ ಹೋಗಬೇಕು, ಕಾಕಾಗೆ ವೀಸಾ ಸಿಗುವುದು ಆಮೇಲೆ ಎಂಬುದು ಆಗಲೇ ಎಲ್ಲರಿಗೂ ನೆನಪಾಯಿತು. ಕಾಕಾ ಪೇಢೆ ಕೈಯಲ್ಲೇ ಹಿಡಿದು ಕೇಳಿದರು:

“ಹಾದಿ ಕಾಯೋದು ಅನ್ಲಿಕ್ಕ ಅವರಲ್ಲಿ ಏನಂತಾರ?”

“ವಾರ್ಟೆನ್ ಅಂತಾರ್ರಿ.”

“ಅದೂ ಕಠಿಣ ಅದೇನು?”

“ಇಲ್ರೀ, ಭಾಳ ಸರಳ ಅದ. ವಾರ್ಟೆನ್, ವಾರ್ಟೆಟೆ, ಗೆವಾರ್ಟೆಟ್.”

ಕಾಕಾ ಮೆಲ್ಲಗೆ ಹೇಳಲು ಹೋದರು, ನಾಲಿಗೆ ತೊಡರಿತು. ತಿದ್ದಬೇಕಾದ ಕಾಕಿ ತಿದ್ದದೆ ಅವರ ಕೈ ಹಿಡಿದುಕೊಂಡರು.