ಬೆಲ್ಲ ಹಾಕಿ ಕಟ್ಟಿದ ಕಂಬಳಿ ಗೋಡೆ

ತಾಳಿ, ಈಗಲೇ ನಗಬೇಡಿ. ನಗುವ ಜಾಗ ಮುಂದಿದೆ, ಬಂದಾಗ ನಿಮಗೇ ಗೊತ್ತಾಗುತ್ತದೆ.

ಎಪ್ಪತ್ತರ ದಶಕದ ಕೊನೆ. ದೊಡ್ಡೇರಿ ಕಡೆಯ ನಮ್ಮೂರಲ್ಲಿ ಒಂದು ಹಳೇ ಚರ್ಚಿತ್ತು. ಕಲ್ಲು, ಗಾರೆಯ ಗಟ್ಟಿ ಕಟ್ಟಡ. ಊರೇ ಹಿಡಿಸುವಷ್ಟು ಜಾಗ, ಕೂರುತ್ತಿದ್ದವರು ಬೆರಳೆಣಿಕೆಯ ಮಂದಿ. ಇತ್ತ ನನ್ನ ಹೆಂಡತಿ ಸರೋಜ ನಡೆಸುತ್ತಿದ್ದ ಬಾಲವಾಡಿಗೆ ಸೂರೇ ಇಲ್ಲ. ಹೊಂಗೆ ಮರದ ಕೆಳಗೆ ಪಾಠ. ನೆರಳು ಸರಿದ ಹಾಗೆಲ್ಲ ಬಾಲವಾಡಿಯೂ ಮರ ಸುತ್ತುತ್ತಿತ್ತು.

ಚರ್ಚಿನ ಬೀಗದಕೈ ಇದ್ದದ್ದು ಸಭೆಗೆ ಹಿರಿಯರಾದ ರಾಹೇಲಮ್ಮನ ಸೊಂಟದಲ್ಲಿ. ನಾವಿಬ್ಬರೂ ಹೋಗಿ ಕೇಳಿದೆವು.

“ಮಕ್ಳು ಬರ್ಲಿ ಕಣಮ್ಮ, ಯಾರ್ ಬ್ಯಾಡ ಅಂತಾರೆ? ಆದ್ರೆ ಶುಕ್ರವಾರ ಬೆಳಿಗ್ಗೆ ನಮ್ ಹೆಂಗುಸ್ರ ಪ್ರಾರ್ಥನೆ ಐತೆ. ಆಗ ಗಲಾಟೆ ಕೇಳುಸ್ಬಾರ್ದು. ಒಂದ್ ಶುಕ್ರವಾರ ನೋಡ್ತೀನಿ. ಸರಿಹೋದ್ರೆ ಬೀಗದಕೈ ನಿಂಗೇ.”

ಸರೋಜ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ.

“ಒಳಗೊಂದು ಗೋಡೆ ಕಟ್ಕೊಡ್ತೀನಿ ರಾಹೇಲಮ್ಮ! ಭಾನುವಾರ ಬಿಚ್ಚಿ ಮಡಚಿಡೋ ಅಂಥ ಗೋಡೆ!”

ನಾನು ಎಂಜಿನಿಯರಿಂಗ್ ಓದಿದವನಲ್ಲ. ಆದರೆ ಮಾಸಪತ್ರಿಕೆ ನೋಡಿಕೊಂಡು ಮಾವನ ರೇಡಿಯೋ ಬಿಚ್ಚಿದ್ದೆ. ಜೋಡಿಸುವ ಸಂಚಿಕೆ ಇನ್ನೂ ಬಂದಿರಲಿಲ್ಲ.

ಮನೆಮನೆಯಿಂದ ಕಂಬಳಿ ಬೇಡಿ ತಂದೆ. ಒಂದಕ್ಕೊಂದು ಹೊಲಿದು, ಅಡ್ಡ ಬೊಂಬಿಗೆ ನೇತುಹಾಕಿದೆ. ಉಣ್ಣೆ ಸದ್ದನ್ನು ಕುಡಿದುಬಿಡುತ್ತದೆ ಎಂಬುದು ನನ್ನ ಸಿದ್ಧಾಂತ. ಗಾಳಿ ಬೀಸಿತು, ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು.

ನೇಯುವವರು ಕಂಬಳಿ ಬಿಗಿಯಾಗಲೆಂದು ಹುಣಸೆಬೀಜದ ಗಂಜಿ ಬಳಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನೂ ಬೀಜ ಹುರಿದು, ಪುಡಿ ಮಾಡಿ, ಬಾಲವಾಡಿಯ ಉಪ್ಪಿಟ್ಟಿನ ಪಾತ್ರೆಯಲ್ಲೇ ಕಾಯಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚರ್ಚಿನ ಗೋಡೆಯ ಮೇಲೆ ಕಣ್ಣು ಬಿತ್ತು. ಇಷ್ಟು ವರ್ಷ ಹೇಗೆ ನಿಂತಿದೆ ಇದು? ಹಳಬರು ಗಾರೆಗೆ ಬೆಲ್ಲ ಬೆರೆಸುತ್ತಿದ್ದರಲ್ಲ! ಗೋಡೆ ಅಂದ ಮೇಲೆ ಎಲ್ಲಾ ಗೋಡೆಯೂ ಒಂದೇ. ನಾನೂ ಬೆರೆಸಿದೆ. ಪಾಕ ಬರುವಷ್ಟು!

“ರೀ, ಗೋಡೆ ಕಟ್ತಿದೀರೋ, ಕಡ್ಲೆಮಿಠಾಯಿ ಮಾಡ್ತಿದೀರೋ?” ಎಂದಳು ಸರೋಜ.

“ಇದು ತಾಂತ್ರಿಕ ವಿಷ್ಯ. ನಿಂಗೆ ತಿಳಿಯಲ್ಲ.”

ಕಂಬಳಿಗೆಲ್ಲ ಬಳಿದೆ, ಒಣಗಿದ ಮೇಲೆ ತಟ್ಟಿ ನೋಡಿದೆ. ಬೆರಳು ಅಂಟಿಕೊಂಡಿತು. ಗಟ್ಟಿತನಕ್ಕೆ ಇನ್ನೆಂಥ ಸಾಕ್ಷಿ ಬೇಕು!

ಶುಕ್ರವಾರ ಬಂತು. ಗೋಡೆಯ ಒಳಬದಿಗೆ ರಾಹೇಲಮ್ಮ ಮತ್ತು ಹೆಂಗಸರು ಕಣ್ಣು ಮುಚ್ಚಿ ಕೂತರು. ಬಾಗಿಲ ಬದಿಗೆ ಸರೋಜ ಮತ್ತು ಮಕ್ಕಳ ಸೈನ್ಯ. ಪ್ರಾರ್ಥನೆ ಶುರುವಾಯಿತು. ಮಕ್ಕಳ ಕಡೆಯಿಂದ ಸದ್ದಿಲ್ಲ. ಅಳು ಇಲ್ಲ. ಒಂದು ಕೆಮ್ಮೂ ಇಲ್ಲ!

ರಾಹೇಲಮ್ಮ ಒಂದೇ ಕಣ್ಣು ತೆರೆದು, ಅಂಚಿನಲ್ಲಿ ಇಣುಕುತ್ತಿದ್ದ ನನ್ನನ್ನು ನೋಡಿದರು. “ಪರ್ವಾಗಿಲ್ವಲ್ಲೋ ರಂಗ! ಮಕ್ಳು ಅದಾವೋ, ಇಲ್ವೋ?”

ನಾನು ವಿನಯದಿಂದ ತಲೆ ಬಾಗಿಸಿ, ನನ್ನ ಗೋಡೆಯ ಮಹಿಮೆ ನೋಡಲು ಮಕ್ಕಳ ಬದಿಗೆ ಬಂದೆ.

ಅಷ್ಟೂ ಮಕ್ಕಳು ಸಾಲಾಗಿ ನಿಂತು ಗೋಡೆ ನೆಕ್ಕುತ್ತಿದ್ದವು! ಚಿಕ್ಕವು ಕೆಳಗಡೆ, ದೊಡ್ಡವು ಮೇಲ್ಗಡೆ. ಎಂಥ ಶಿಸ್ತು!

“ಬಿಡ್ಸೇ ಅವುನ್ನ!” ಎಂದು ಪಿಸುಗುಟ್ಟಿದೆ.

“ಬಿಡ್ಸಿದ್ರೆ ಕಿರುಚ್ತಾವೆ ಕಣ್ರೀ! ನಿಮ್ ಗೋಡೆ ಉಳಿಬೇಕಾ, ಅವ್ರ್ ಪ್ರಾರ್ಥನೆ ಉಳಿಬೇಕಾ?”

ಗಹನವಾದ ಪ್ರಶ್ನೆ. ನಾನು ಯೋಚಿಸುತ್ತಾ ನಿಂತೆ. ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟವನೂ ನಾನೇ. ಬೆಲ್ಲದ ವಾಸನೆ ಹೊರಗೆ ಹೋಯಿತು, ಬೀದಿಯಲ್ಲಿ ಹೋಗುತ್ತಿದ್ದ ಚಿಕ್ಕಣ್ಣನ ಆಡುಗಳು ಒಳಗೆ ಬಂದವು.

“ಲೇ, ಲೇ, ವಾಪಸ್ ಬರ್ರೋ!” ಚಿಕ್ಕಣ್ಣ ಹೊರಗಿಂದ ಕೂಗಿದ. ಯಾರು ಕೇಳಬೇಕು?

ಮಕ್ಕಳು ನೆಕ್ಕುತ್ತಿದ್ದವು, ಆಡುಗಳು ಕಚ್ಚಿ ಎಳೆದವು. ಮಕ್ಕಳು ಕಿರುಚಿ ದೂರ ಓಡಿದವು. ನಾನು ಗೋಡೆಯನ್ನು ತಬ್ಬಿ ಹಿಡಿದೆ. ಬೊಂಬು ಲಟಕ್ಕೆಂದಿತು. ಗೋಡೆ ಮಡಚಿಕೊಳ್ಳಲೂ ಇಲ್ಲ, ಬಾಗಲೂ ಇಲ್ಲ. ಹಲಗೆಯಂತೆ ಇಡಿಯಾಗಿ ಬಂದು ಬಿತ್ತು. ಮಕ್ಕಳು ಪಾರು, ಆಡುಗಳೂ ಪಾರು. ಕೆಳಗೆ ಸಿಕ್ಕವನು ಎಂಜಿನಿಯರ್ ಒಬ್ಬನೇ!

ಚಿಕ್ಕಣ್ಣ ಆಡುಗಳನ್ನು ಹೊರಗಟ್ಟಿದ. ಆಮೇಲೆ ರಾಹೇಲಮ್ಮನ ದನಿ ಕೇಳಿಸಿತು: “ಆಮೆನ್.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ರಾಹೇಲಮ್ಮ ಕೇಳಿದರು, “ಅವತ್ತೇನೋ ಹೇಳಕ್ ಬಾಯ್ ತೆಗ್ದಿದ್ದೆಯಲ್ಲ ಸರೋಜ, ಏನದು?”

“ಏನಿಲ್ಲ ರಾಹೇಲಮ್ಮ. ಉಪ್ಪಿಟ್ಟು ತಿಂದ್ಮೇಲೆ ಮಕ್ಳು ಮಲಿಕ್ಕಂತಾವೆ. ಪ್ರಾರ್ಥನೆನ ಆ ಹೊತ್ಗೆ ಇಟ್ಕಂಡ್ರೆ ಗೋಡೆನೇ ಬ್ಯಾಡ ಅನ್ನಕ್ ಬಂದಿದ್ದೆ. ಇವ್ರು ಬಿಡ್ಬೇಕಲ್ಲ?”

“ಇಷ್ಟೇನಾ! ತಗಾ.”

ಬೀಗದಕೈ ಕೈ ಬದಲಿಸಿದ ಸದ್ದು ಕೇಳಿಸಿತು. ನೋಡಲಾಗಲಿಲ್ಲ. ನಾನಿನ್ನೂ ಕೆಳಗೇ ಇದ್ದೆ.

ಅಂದಿನಿಂದ ಒಂದೇ ಸೂರಿನಡಿ ಅತ್ತ ಮಕ್ಕಳ ಗೊರಕೆ, ಇತ್ತ ಮೆಲುದನಿಯ ಪ್ರಾರ್ಥನೆ. ಭಾನುವಾರ ಆರಾಧನೆ. ಕಂಬಳಿಗಳನ್ನು ಕೆರೆಯಲ್ಲಿ ತೊಳೆದವನು ನಾನೇ. ಮೀನುಗಳಿಗೆ ಅಂದು ಪಾನಕ. ಕಂಬಳಿ ಒಣಗಿದ ಮೇಲೆ ಅವುಗಳ ಒಡೆಯರು, ಮಕ್ಕಳ ಹಾಸಿಗೆಗೆ ಇರಲಿ ಎಂದು ಚರ್ಚಲ್ಲೇ ಬಿಟ್ಟರು.

“ನಿಮ್ ಗೋಡೆ ಈಗ ಚೆನ್ನಾಗೈತೆ ಕಣ್ರೀ, ಮಲಗಿಸಿದ್ಮೇಲೆ,” ಎಂದು ಸರೋಜ ಈಗಲೂ ಹೊಗಳುತ್ತಾಳೆ.

ಪಕ್ಕದವರು ಬಾಯಿ ತೆರೆದಾಗ ಅಡ್ಡ ಬಾಯಿ ಹಾಕಿ ಇಂಥದ್ದನ್ನು ಕಟ್ಟಿದವರು ನಿಮ್ಮಲ್ಲೂ ಇದ್ದೇ ಇರುತ್ತೀರಿ. ಏನು ಕಟ್ಟಿದಿರಿ, ಹೇಗೆ ಬಿತ್ತು, ಬರೆದು ತಿಳಿಸಿ. ದಯವಿಟ್ಟು! ಗೋಡೆಯ ಕೆಳಗೆ ನಾನೊಬ್ಬನೇ ಇದ್ದೇನೆ.