ಪಿಸ್ತೂಲಿಗೊಂದು ಬೀರು, ಬೀರುವಿಗೊಬ್ಬ ಅತ್ತೆ

ಪಿಸ್ತೂಲು ಹಿಡಿದ ಹೆಂಗಸನ್ನು ಕಂಡರೆ ಜನ ಹೆದರುತ್ತಾರೆ ಎಂದುಕೊಂಡಿದ್ದೆ. ಹೆದರುವುದಿಲ್ಲ, ಸಲಹೆ ಕೊಡುತ್ತಾರೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ವ್ಯಾನು ಕೊಂಡೆ, ದೊಡ್ಡ ಗ್ರೈಂಡರ್ ಕೊಂಡೆ, ಮಾರ್ಟ್‌ಗೇಜ್ ಮಾಡಿ ಮನೆಯನ್ನೂ ಕೊಂಡೆ. ಆಗ ಯಾರೂ ತುಟಿ ಬಿಚ್ಚಲಿಲ್ಲ. ಕಾಗದಕ್ಕೆ ತೂತು ಮಾಡುವ ಒಂದು ಸಣ್ಣ ಪಿಸ್ತೂಲನ್ನು ನನಗೆ ಬೇಕಾದಂತೆ ಆರಿಸಿಕೊಳ್ಳುತ್ತೇನೆ ಎಂದಾಗ ಮಾತ್ರ ಎಲ್ಲರಿಗೂ ಬಾಯಿ ಬಂತು.

ಪಕ್ಕದ ಹಾಳೆಯ ತೂತು

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಆಗ ನಾವು ಸಿಡ್ನಿಯಲ್ಲಿದ್ದೆವು. ನಾರ್ವೆಸ್ಟ್‌ನ ಆಫೀಸುಗಳಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಬೆಂಗಳೂರು, ಮೈಸೂರಿನ ಹುಡುಗರಿಗೆ ಮಧ್ಯಾಹ್ನದ ಊಟದ ಡಬ್ಬಿ ಒಯ್ಯುವುದು ನನ್ನ ವ್ಯಾಪಾರ. ಒಮ್ಮೆ ಅವರ ಟೀಮು ಶೂಟಿಂಗ್ ರೇಂಜಿಗೆ ಔಟಿಂಗ್ ಹೊರಟಿತು. ಬಿಸಿಬೇಳೆಬಾತಿನ ಪಾತ್ರೆಯ ಜೊತೆ ನಾನೂ ಹೋದೆ.

ಅವರ ಟೀಮ್ ಲೀಡ್, "ಆಂಟಿ, ನೀವೂ ಒಂದು ಕೈ ನೋಡಿ" ಎಂದ. ನಗುವುದಕ್ಕೆ ಒಂದು ನೆಪ ಬೇಕಿತ್ತು ಅಷ್ಟೆ. ನನಗೆ ಐದು ಗುಂಡು ಕೊಟ್ಟರು, ಪಕ್ಕದ ಸಾಲಿನಲ್ಲಿ ಅವನಿಗೂ ಐದು. ಇಬ್ಬರೂ ಹೊಡೆದೆವು. ಹಾಳೆಗಳು ಬಂದಾಗ ನನ್ನದರಲ್ಲಿ ನಾಲ್ಕೇ ತೂತು, ಅವೂ ಅಂಚಿನಲ್ಲಿ. ಅವನ ಹಾಳೆಯಲ್ಲೂ ಅಂಚಿನ ಸುತ್ತ ಐದು ತೂತು, ಜೊತೆಗೆ ನಟ್ಟನಡುವೆ ಇನ್ನೊಂದು.

"ಬುಲ್ಸ್ ಐ! ನೋಡಿದ್ರಾ ಆಂಟಿ?" ಎಂದು ಕುಣಿದ.

"ನೀವು ಹೊಡೆದದ್ದು ಐದಪ್ಪ. ಇಲ್ಲಿ ಆರು ತೂತಿವೆ."

ಅವನು ಎಣಿಸಿದ. ಇನ್ನೊಮ್ಮೆ ಎಣಿಸಿದ. "ಯಾವುದೋ ಒಂದು ಗುಂಡು ದಾರೀಲಿ ಎರಡಾಗಿರಬೇಕು" ಎಂದ. ಎಂಜಿನಿಯರು.

ಆ ಹಾಳೆಯನ್ನು ಅವನು ತನ್ನ ಮೇಜಿನ ಮುಂದೆ ಚುಚ್ಚಿಕೊಂಡ. ದಿನಾ ಡಬ್ಬಿ ಇಡಲು ಹೋದಾಗ ನನ್ನ ತೂತು ಅಲ್ಲಿ ನೇತಾಡುತ್ತಿತ್ತು. ನನ್ನ ತೂತು ನನ್ನ ಹಾಳೆಯಲ್ಲೇ ಬೀಳಬೇಕು, ನನ್ನದೇ ಪಿಸ್ತೂಲಿನಿಂದ ಬೀಳಬೇಕು ಎಂದು ಹಟ ಹಿಡಿದದ್ದು ಆಗಲೇ. ಅವನು ಕೆಲಸ ಬಿಟ್ಟಾಗ ಟೀಮಿನವರು ಆ ಹಾಳೆಗೆ ಫ್ರೇಮ್ ಹಾಕಿಸಿ ಉಡುಗೊರೆ ಕೊಟ್ಟರು. ಆ ಸಮಾರಂಭಕ್ಕೆ ಕೇಸರಿಬಾತ್ ಮಾಡಿದವಳೂ ನಾನೇ.

ಶಿಸ್ತು

ನಾವು ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಬಂದೆವು. ಮನೆ ಸಾಮಾನು ಬಿಚ್ಚಿ ಮುಗಿಯುವ ಮೊದಲೇ ನಾನು ಒಂದು ಪಿಸ್ತೂಲ್ ಕ್ಲಬ್ಬು ಸೇರಿದೆ. ಮೊದಲ ಆರು ತಿಂಗಳು ಸ್ವಂತದ್ದು ಕೊಳ್ಳುವ ಹಾಗಿಲ್ಲ, ಕ್ಲಬ್ಬಿನದರಲ್ಲೇ ಕಲಿಯಬೇಕು. ಎಲ್ಲವೂ ರಿಮ್‌ಫೈರ್, ಅಂದರೆ ಚಿಕ್ಕ ತೋಟಾ ಹಾಕುವಂಥವು. ಸದ್ದು ಕಡಿಮೆ, ಕೈ ಒದೆಯುವುದಿಲ್ಲ. ಹವ್ಯಾಸಕ್ಕೆ ಹೊಡೆಯುವವರಿಗೆ ಅಷ್ಟು ಸಾಕು.

ಕ್ಲಬ್ಬಿನ ಹಿರಿಯರೊಬ್ಬರು, "ಹೆಂಗಸರಿಗೆ ಇದೇ ಸರಿ" ಎಂದು ಹಗುರವಾದ ಆಟೊಮ್ಯಾಟಿಕ್ ಒಂದನ್ನು ಕೈಗಿತ್ತರು. ಅದು ಪ್ರತಿ ಸಲ ಹೊಡೆದಾಗಲೂ ಖಾಲಿ ತೋಟಾವನ್ನು ಪಕ್ಕಕ್ಕೆ ಎಸೆಯುತ್ತದೆ. ಮೂರನೆಯದು ಪಕ್ಕದ ಹಲಗೆಗೆ ಬಡಿದು ವಾಪಸು ಬಂದು ನೇರವಾಗಿ ನನ್ನ ಕುರ್ತಾದ ಕುತ್ತಿಗೆಯೊಳಗೆ ಇಳಿಯಿತು. ಒಗ್ಗರಣೆ ಸೌಟಿನಿಂದ ಆಗಷ್ಟೇ ಸಿಡಿದ ಸಾಸಿವೆಯಷ್ಟು ಬಿಸಿ, ಆದರೆ ಹಿತ್ತಾಳೆಯದು.

ಕುಣಿಯುವಂತಿಲ್ಲ, ಕೈಯಲ್ಲಿ ಪಿಸ್ತೂಲಿದೆ. ತಿರುಗುವಂತಿಲ್ಲ, ಎರಡೂ ಕಡೆ ಜನರಿದ್ದಾರೆ. ಒಳಗೆ ಕೈ ಹಾಕುವಂತೂ ಇಲ್ಲ, ಎಲ್ಲರೂ ಗಂಡಸರು. ಕಲಿಸಿದ್ದಂತೆ ಪಿಸ್ತೂಲನ್ನು ಗುರಿಯ ಕಡೆಗೇ ತಿರುಗಿಸಿ, ಖಾಲಿ ಮಾಡಿ ಕೆಳಗಿಟ್ಟು, ಹಲ್ಲು ಕಚ್ಚಿ ಕಂಬದ ಹಾಗೆ ನಿಂತೆ. ಉಳಿದವರು ಹೊಡೆದು ಮುಗಿಸುವವರೆಗೂ ಹಾಗೇ ನಿಂತಿದ್ದೆ.

ಆ ಹಿರಿಯರು ಹೊಸಬರನ್ನೆಲ್ಲ ಕರೆದು ಹೇಳಿದರು: "ಈಕೆಯನ್ನು ನೋಡಿ ಕಲಿಯಿರಿ. ಹೊಡೆದಾದ ಮೇಲೆ ಹೇಗೆ ನಿಲ್ಲಬೇಕು ಅಂತ."

ಆ ವರ್ಷ ಶಿಸ್ತಿಗೆಂದು ನನಗೊಂದು ಕಪ್ ಕೊಟ್ಟರು. ಸುಟ್ಟ ಗುರುತು ಆ ಕಪ್‌ಗಿಂತ ಚೆನ್ನಾಗಿ ಉಳಿದಿದೆ.

ನಾಯಿಯ ಪಕ್ಕ

ಆರು ತಿಂಗಳಾಗಿ ಲೈಸೆನ್ಸ್ ಬಂತು. ಅಷ್ಟರಲ್ಲಿ ಲೈಬ್ರರಿಯಲ್ಲಿದ್ದ ಪಿಸ್ತೂಲಿನ ಪುಸ್ತಕಗಳನ್ನೆಲ್ಲ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ್ದೆ. ನಾನು ಇಂಗ್ಲಿಷ್ ಕಲಿತದ್ದೇ ಹಾಗೆ, ಬೇಕಾದ ವಿಷಯ ಬೇಕಾದಾಗ ಓದಿ. ಏನು ಬೇಕೆಂದು ತೀರ್ಮಾನವೂ ಆಗಿತ್ತು: ಉಕ್ಕಿನದು, ಭಾರದ್ದು, ಉದ್ದ ನಳಿಗೆಯ ರಿವಾಲ್ವರು. ಭಾರ ಇದ್ದಷ್ಟೂ ಕೈ ಅಲುಗುವುದಿಲ್ಲ. ಜೊತೆಗೆ ರಿವಾಲ್ವರು ಖಾಲಿ ತೋಟಾವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ.

ಅಂಗಡಿಗೆ ನನ್ನ ಯಜಮಾನರೂ ಬಂದರು. ದೀಪಾವಳಿಯ ಸುರ್‌ಸುರ್ ಬತ್ತಿಯನ್ನೂ ದೂರದಿಂದ ಹಿಡಿಯುವ ಮನುಷ್ಯ. ಆದರೆ ಕಾರು, ಫ್ರಿಜ್ಜು, ವಾಷಿಂಗ್ ಮೆಷಿನ್ ಕೊಳ್ಳುವಾಗಲೆಲ್ಲ ಪ್ರಶ್ನೆ ಕೇಳುವುದು ಅವರ ಹಕ್ಕು.

"ಸರ್ವಿಸ್ ಎಷ್ಟು ತಿಂಗಳಿಗೊಮ್ಮೆ? ಸ್ಪೇರ್ ಪಾರ್ಟ್ಸ್ ಸಿಗುತ್ತಾ? ರೀಸೇಲ್ ಹೇಗಿದೆ?" ಎಂದು ಶುರು ಮಾಡಿದರು.

ತಿಳಿದ ಗಿರಾಕಿ ಸಿಕ್ಕಿದನೆಂದು ಅಂಗಡಿಯವನು ಪೂರ್ತಿ ಅವರ ಕಡೆ ತಿರುಗಿದ. ಒಂದು ಹಗುರ ಪಿಸ್ತೂಲನ್ನು ತೆಗೆದು, "ನಿಮ್ಮ ಹೆಂಡತಿಗೆ ಇದು ಸರಿಹೋಗುತ್ತೆ" ಎಂದ.

"ಹೆಂಡತಿ ಇಲ್ಲೇ ಇದ್ದಾಳೆ" ಎಂದೆ. "ಆ ಮೇಲಿನ ರಿವಾಲ್ವರ್ ಕೊಡಿ."

"ಅದು ತುಂಬಾ ಭಾರ, ಮೇಡಂ. ರಿವಾಲ್ವರೇ ಯಾಕೆ?"

"ಸ್ವಂತ ಕಾರಣ ಇದೆ."

ಅಂಗಡಿಯವನು ನನ್ನ ಯಜಮಾನರ ಮುಖ ನೋಡಿದ. ಅವರು, "ನನ್ನನ್ನ ಕೇಳಬೇಡಿ, ಮನೇಲೂ ಯಾರೂ ಕೇಳಲ್ಲ" ಎಂದರು.

"ಹಾಗಾದರೆ ಲೈಸೆನ್ಸ್ ತೋರಿಸಿ" ಎಂದು ಅವನು ಅವರ ಮುಂದೆ ಕೈ ಚಾಚಿದ. ನಾನು ನನ್ನದನ್ನು ಆ ಕೈಯಲ್ಲಿಟ್ಟೆ. ಅವನ ಮುಖವೇ ಬದಲಾಯಿತು. ಲೈಸೆನ್ಸ್ ಇಲ್ಲದವರು ಕೌಂಟರಿನ ಹತ್ತಿರ ನಿಲ್ಲಬಾರದು ಎಂದು ಹೇಳಿ, ಅಂಗಡಿಯ ಮುದಿ ನಾಯಿ ಮಲಗಿದ್ದ ಚಾಪೆಯ ಕಡೆ ನನ್ನ ಯಜಮಾನರಿಗೆ ದಾರಿ ತೋರಿಸಿದ. ನಾನು ಒಂದು ಗಂಟೆ ಎತ್ತಿ ಇಳಿಸಿ ಅದೇ ರಿವಾಲ್ವರನ್ನು ಆರಿಸಿದೆ.

ವಾಪಸು ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಆ ನಾಯಿಗೆ ಲೈಸೆನ್ಸ್ ಇತ್ತಾ ಅಂತ ಕೇಳಬೇಕಿತ್ತು ಕಣೇ."

ಉಪ್ಪು

ಆರಿಸಿದ ಮಾತ್ರಕ್ಕೆ ಮನೆಗೆ ತರುವಂತಿಲ್ಲ. ಪರ್ಮಿಟ್ ಬೇಕು, ಅದಕ್ಕೆ ಕಾಯಬೇಕು. ಅಷ್ಟರಲ್ಲಿ ಸುದ್ದಿ ನಮ್ಮ ಕನ್ನಡದವರಲ್ಲೆಲ್ಲ ಹಬ್ಬಿತ್ತು. ಯುಗಾದಿ ಊಟದ ಅಡುಗೆ ಆ ಸಲ ನನ್ನದೇ. ಊರಿನ ಇನ್ನೊಂದು ತುದಿಯ ಟ್ರುಗನಿನಾದಿಂದ ಬಂದ ಒಬ್ಬ ಆಂಟಿ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು.

"ಮನೇಲಿ ಎಲ್ಲಾ ಸರಿ ಇದೆಯೇನಮ್ಮ? ಅವರೇನಾದ್ರೂ ಕೈ ಎತ್ತುತ್ತಾರಾ?"

"ಕೈ ಎತ್ತೋದು ರಿಮೋಟಿಗೆ ಮಾತ್ರ" ಎಂದೆ. ನಂಬಲಿಲ್ಲ.

ಆ ಕಡೆ ಗಂಡಸರು ನನ್ನ ಯಜಮಾನರನ್ನು ಸುತ್ತುವರಿದಿದ್ದರು. ಒಬ್ಬ ಹೆಗಲ ಮೇಲೆ ಕೈಯಿಟ್ಟು, "ಏನಾದ್ರೂ ಆದ್ರೆ ನಮ್ಮನೇಲಿ ಒಂದು ರೂಮು ಖಾಲಿ ಇದೆ ಸರ್. ಯಾವಾಗ ಬೇಕಾದ್ರೂ ಬನ್ನಿ" ಎನ್ನುತ್ತಿದ್ದ. ಇವರು ಇಲ್ಲವೆನ್ನಲಿಲ್ಲ. ಹೋಳಿಗೆ ಎರಡು ಜಾಸ್ತಿ ಸಿಗುತ್ತಿತ್ತು.

ಊಟ ಮುಗಿಯಿತು. "ಬಹಳ ಚೆನ್ನಾಗಿತ್ತು" ಎಂದು ಒಬ್ಬೊಬ್ಬರೂ ಬಂದು ಹೇಳಿ ಹೋದರು. ಕೊನೆಯಲ್ಲಿ ನಾನು ತಟ್ಟೆ ಹಾಕಿಕೊಂಡು ಕುಳಿತಾಗ ಗೊತ್ತಾಯಿತು, ಸಾಂಬಾರಿಗೆ ಉಪ್ಪೇ ಹಾಕಿರಲಿಲ್ಲ.

ಕೀಲಿಕೈ

ಪರ್ಮಿಟ್ ಸಿಗಬೇಕಾದರೆ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಸೇಫ್ ಇರಬೇಕು, ಪೊಲೀಸರು ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ನನ್ನ ರಿವಾಲ್ವರು ಅಂಗಡಿಯಲ್ಲೇ.

ಸೇಫ್ ಬಂದ ದಿನ ನಾನು ಊಟ ಕೊಡಲು ಹೋಗಿದ್ದೆ. ಮನೆಯಲ್ಲಿದ್ದವರು ಅತ್ತೆ. ಒಂದು ವರ್ಷದ ವೀಸಾದ ಮೇಲೆ ತಿಪಟೂರಿನಿಂದ ಬಂದಿದ್ದರು. ಬಂದ ದಿನದಿಂದಲೂ ಅವರಿಗೆ ಒಂದೇ ಕೊರಗು: "ಒಂದು ಬೀರು ಇಲ್ಲ, ಬೀರುಗೊಂದು ಬೀಗ ಇಲ್ಲ. ಇದನ್ನೂ ಮನೆ ಅಂತಾರೇನೆ?" ಸೇಫ್ ಕೂರಿಸಿದವನು ಕೀಲಿಕೈಗಳನ್ನು ಅವರ ಕೈಗೇ ಕೊಟ್ಟು ಹೋಗಿದ್ದ. ನಾನು ಬರುವಷ್ಟರಲ್ಲಿ ಅವು ಅತ್ತೆಯ ಸೊಂಟದ ಗೊಂಚಲು ಸೇರಿದ್ದವು.

ಆ ಗೊಂಚಲಿನ ವಿಷಯ ಹೇಳಬೇಕು. ತಿಪಟೂರಿನ ಮನೆಯ ಬೀರು, ಉಗ್ರಾಣ, ದೇವರ ಪೆಟ್ಟಿಗೆ, ಎಲ್ಲದರ ಕೀಲಿಯೂ ಅದರಲ್ಲಿದೆ. ಮದುವೆಯಾದಾಗಿನಿಂದ ಅದರ ಒಂದು ಕೀಲಿಯೂ ನನ್ನ ಕೈಗೆ ಬಂದಿರಲಿಲ್ಲ. ಕೇಳಿ ಪಡೆಯುವ ಅಭ್ಯಾಸ ನನಗಿಲ್ಲ. ನನ್ನ ಮನೆ ನಾನೇ ಮಾಡಿಕೊಂಡೆ. ಈಗ ಆ ಮನೆಯಲ್ಲೂ ಕೀಲಿ ಅಲ್ಲಿಗೇ ಹೋಗಿ ನೇತುಬಿತ್ತು. "ಪಿಸ್ತೂಲು ಬರಲಿ, ಕೊಡ್ತೀನಿ" ಎಂದರು. ಬರುವುದಿನ್ನೂ ತಡ, ಅಲ್ಲಿಯವರೆಗೆ ಖಾಲಿ ಪೆಟ್ಟಿಗೆ ತಾನೆ ಎಂದು ನಾನೂ ಸುಮ್ಮನಾದೆ.

ಕೆಲವು ವಾರಗಳಾದ ಮೇಲೆ ಒಂದು ದಿನ ಪೊಲೀಸ್ ಅಧಿಕಾರಿ ಬೆಳಗ್ಗೆಯೇ ಬಂದ. ಎತ್ತರದ ಆಳು, ಬಾಗಿಲಲ್ಲೇ ಬೂಟು ಬಿಚ್ಚಿದ. ಸೇಫಿನ ಬೋಲ್ಟು ಅಲುಗಿಸಿ ನೋಡಿ, "ತೆಗೆಯಿರಿ" ಎಂದ.

"ಅತ್ತೆ, ಕೀಲಿಕೈ ಕೊಡಿ."

"ಗುರುತು ಪರಿಚಯ ಇಲ್ಲದವನ ಎದುರಿಗೆ ಬೀರು ತೆಗೀತಾರೇನೆ? ಆಚೆ ತಿರುಗಿ ನಿಲ್ಲೋಕೆ ಹೇಳು."

ಹೇಳಿದೆ. ಪಾಪ, ಆತ ತಿರುಗಿ ನಿಂತ. ಅತ್ತೆಯೇ ಬಾಗಿಲು ತೆಗೆದರು. ಆತ ಈ ಕಡೆ ತಿರುಗಿದಾಗ ನಾನೂ ಅವನೂ ಒಟ್ಟಿಗೇ ನೋಡಿದೆವು. ಬೆಳ್ಳಿಯ ದೀಪದ ಕಂಬ, ಅತ್ತೆಯ ಅವಲಕ್ಕಿ ಸರ, ಎರಡು ರೇಷ್ಮೆ ಸೀರೆ, ತುಪ್ಪದ ಡಬ್ಬಿ, ಗೋಡಂಬಿ. ಗೋಡಂಬಿ ಕಳ್ಳ ನನ್ನ ಯಜಮಾನರೆಂದು ನಾನು ಅಷ್ಟು ದಿನ ಜಗಳವಾಡಿದ್ದೆ.

ಆತ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. "ಇದೇನು?"

"ತುಪ್ಪ."

"ಇದಕ್ಕೆ ಪರ್ಮಿಟ್ ಬೇಕಿಲ್ಲ" ಎಂದ. ಆಮೇಲೆ ಗಂಭೀರವಾದ. "ಇದೆಲ್ಲ ಈಗಲೇ ಹೊರಗೆ ಬರಬೇಕು. ಕೀಲಿ ಲೈಸೆನ್ಸ್ ಇರುವವರ ಹತ್ತಿರ ಮಾತ್ರ ಇರಬೇಕು. ಗಂಡನಿಗಿಲ್ಲ, ಅತ್ತೆಗೂ ಇಲ್ಲ. ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ."

ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಎರಡು ಸಲ ಹೇಳಿದೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಹಿರಿಯರು ಬದುಕಿರುವಾಗ ಸೊಸೆ ಕೈಯಲ್ಲಿ ಕೀಲಿ ಇರೋದು ಯಾವ ದೇಶದ ಪದ್ಧತಿ ಅಂತ ಕೇಳು."

ಕೇಳಿದೆ. ಆತ ಸ್ವಲ್ಪ ಯೋಚಿಸಿ, "ವಿಕ್ಟೋರಿಯಾ ರಾಜ್ಯದ್ದು" ಎಂದ. ಅತ್ತೆಯ ಮುಖ ನೋಡಿ ನಗುತ್ತಾ ಸೇರಿಸಿದ: "ಅವರಿಗೂ ಕೀಲಿ ಬೇಕಿದ್ದರೆ ನಿಮ್ಮ ಹಾಗೆ ಕ್ಲಬ್ಬಿಗೆ ಹೋಗಿ ಆರು ತಿಂಗಳು ಕಲಿಯಲಿ."

ಅದನ್ನೂ ಹೇಳಿದೆ. ಅತ್ತೆ ಗೊಂಚಲನ್ನು ಸೊಂಟದಿಂದ ತೆಗೆದರು, ಸೇಫಿನ ಕೀಲಿಗಳನ್ನು ಬಿಡಿಸಿದರು, ಪೊಲೀಸಿನವನ ಎದುರಿಗೇ ನನ್ನ ಅಂಗೈಯಲ್ಲಿಟ್ಟರು. "ಜೋಪಾನ" ಎಂದರು. ತುಪ್ಪದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಅವರು ನನ್ನ ಕೈಗೆ ಕೊಟ್ಟ ಮೊದಲ ಕೀಲಿಕೈ ಅದು. ಕೊಡಿಸಲು ಪೊಲೀಸರು ಬರಬೇಕಾಯಿತು.

ಆತ ಒಪ್ಪಿಗೆ ಕೊಟ್ಟು ಹೋದ. ಭಾನುವಾರ ಬೆಳಗ್ಗೆ ನಾನು ಕ್ಲಬ್ಬಿಗೆ ಹೊರಟೆ. ವ್ಯಾನಿನ ಮುಂದಿನ ಸೀಟಿನಲ್ಲಿ ಅತ್ತೆ ಕುಳಿತಿದ್ದರು. ಇಳಕಲ್ ಸೀರೆ, ನನ್ನ ಯಜಮಾನರ ಸ್ನೀಕರ್ಸು, ಸೀಟ್ ಬೆಲ್ಟೂ ಹಾಕಿಕೊಂಡಾಗಿತ್ತು.

"ಎಲ್ಲಿಗೆ ಅತ್ತೆ?"

"ಆರು ತಿಂಗಳು ಅಂದ ತಾನೆ ಆ ಪೊಲೀಸಪ್ಪ? ನನ್ನ ವೀಸಾ ಇನ್ನೂ ಎಂಟು ತಿಂಗಳಿದೆ. ಗಾಡಿ ತೆಗಿ."