ಬಿಳಿ ಗೋಡೆಗೆ ಬಗ್ಗದ ಚಿಗವ್ವ

ನಮ್ಮ ಚಿಗವ್ವನಿಗೆ ಖಾಲಿ ಗೋಡೆ ಕಂಡರೆ ತಡೆಯಲಾಗುತ್ತಿರಲಿಲ್ಲ. ಹಸಿದ ಕೂಸನ್ನು ಕಂಡವಳ ಹಾಗೆ ಒದ್ದಾಡುತ್ತಿದ್ದಳು! ಅಂಥವಳಿಗೆ ಅವಳ ಗಂಡ, ನಮ್ಮ ಕಾಕಾ, ಯಲಬುರ್ಗಾದಲ್ಲಿ ಹೊಸ ಮನೆ ಕಟ್ಟಿಸಿಕೊಟ್ಟರು. ಎಷ್ಟೊಂದು ಗೋಡೆ!

ಅದು ನಿಜಾಮರ ಕಾಲ. ಕಾಕಾ ತಹಶೀಲ ಕಚೇರಿಯಲ್ಲಿ ಗುಮಾಸ್ತರು. ಒಮ್ಮೆ ಹೈದರಾಬಾದಿಗೆ ಹೋದವರು ಅಲ್ಲಿಯ ಬಂಗಲೆಗಳನ್ನು ತಲೆಯೊಳಗೆ ತುಂಬಿಕೊಂಡೇ ಬಂದರು. ಸಿಮೆಂಟಿನ ನೆಲ, ಗಾಜಿನ ಕಿಟಕಿ, ಹಾಲಿನಂಥ ಗೋಡೆ. ಊರೇ ಬಂದು ಹೊಗಳಿತು. ಚಿಗವ್ವ ಮಾತ್ರ ಹೊಸ್ತಿಲಲ್ಲೇ ನಿಂತು, "ಇದೇನ್ರಿ, ದವಾಖಾನಿ ಕಟ್ಟಿಸೀರೇನು?" ಎಂದಳು.

ಕಾಕಾ ಕುಷ್ಟಗಿಗೆ ಹೋಗಿ ಬರುವಷ್ಟರಲ್ಲಿ ಪಡಸಾಲೆಯ ತುಂಬ ಕೆಮ್ಮಣ್ಣಿನ ನವಿಲು, ಜೋಳದ ತೆನೆ, ಕುಸುಬಿ ಹೂವು! ಕುಂಚ ಎಲ್ಲಿಯದು ಅಂತೀರಿ? ಕಡ್ಡಿಗೆ ಕಟ್ಟಿದ ಪುಂಡಿನಾರು. ಮಣ್ಣು ಕಲಸಿಕೊಟ್ಟವಳು ಅವರ ಮನೆಯಲ್ಲೇ ಬೆಳೆಯುತ್ತಿದ್ದ ನಾನು. ಕಾಕಾನ ಮುಂದೆ ಅದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ!

ಕಾಕಾ ಸುಣ್ಣ ಹೊಡೆಸಿದರು. ಚಿಗವ್ವ ಮತ್ತೆ ಬರೆದಳು. ಮತ್ತೆ ಸುಣ್ಣ. ಅದು ಒಣಗುವುದರೊಳಗೇ ಮತ್ತೆ ನವಿಲು, ಈ ಸಲ ಮರಿಗಳ ಸಮೇತ! ಕಾಕಾ ಗುಡುಗಿದರು.

"ಈ ಮನಿ ಯಾರ್ದು?"

"ಮನಿ ನಿಮ್ಮದರಿ. ಗ್ವಾಡಿ ನಂದು!"

ಅಷ್ಟಕ್ಕೇ ನಿಲ್ಲಲಿಲ್ಲ. ಕಿಟಕಿಗೆ ಜೋಳದ ತೆನೆಯ ಗೊಂಚಲು ಕಟ್ಟಿದಳು. ತಿನ್ನಲು ಬಂದ ಗುಬ್ಬಿ, ಗೂಟಕ್ಕೆ ಸಿಕ್ಕಿಸಿದ್ದ ಕಾಕಾನ ಕಚೇರಿಯ ಕೆಂಪು ರೂಮಿ ಟೋಪಿಯಲ್ಲಿ ಸಂಸಾರ ಹೂಡಿತು. ಮೊಟ್ಟೆ ಇವೆ, ಟೋಪಿ ಕೊಡುವುದಿಲ್ಲ ಎಂದಳು ಚಿಗವ್ವ. ಮರಿ ಹಾರುವವರೆಗೂ ಕಾಕಾ ರುಮಾಲು ಸುತ್ತಿಕೊಂಡೇ ಕಚೇರಿಗೆ ಹೋದರು!

ಒಂದು ದಿನ ತಹಶೀಲ್ದಾರ ಸಾಹೇಬರು ಚಹಾಕ್ಕೆ ಬರುವವರಿದ್ದರು. ಮಾನ ಹೋದೀತೆಂದು ಕಾಕಾ ಗೋಡೆಗೆಲ್ಲ ಚಾದರ ಕಟ್ಟಿ, ಸಾಹೇಬರನ್ನು ಕರೆತರಲು ಹೋದರು. ತಿರುಗಿ ಬಂದಾಗ ಒಂದು ಚಾದರವೂ ಇರಲಿಲ್ಲ. ಎಲ್ಲವನ್ನೂ ನೀಟಾಗಿ ಮಡಚಿ ಅವುಗಳ ಮೇಲೆ ಚಿಗವ್ವ ಕೂತಿದ್ದಳು!

ಸಾಹೇಬರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಕಾಕಾನ ಹಣೆಯ ಮೇಲೆ ಬೆವರು.

"ಭಾಳ ಛಲೋ ಐತ್ರಿ. ಯಾರು ಬರದಾರ? ನಮ್ಮ ಬಂಗಲೆಗೂ ಬಂದು ಬರೀತಾರೇನು?"

ಕಾಕಾ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದೆ ಸರಿದು ನಿಂತಿದ್ದ ಚಿಗವ್ವನಿಂದ ಉತ್ತರ ಬಂತು. "ಬರೂದಿಲ್ಲರಿ ಸಾಹೇಬ್ರ. ನಿಮ್ಮ ಮನಿಯವರನ್ನ ಕಳಸ್ರಿ, ಕಲಿಸಿ ಕೊಡ್ತೀನಿ. ಅವರ ಗ್ವಾಡಿ ಅವರ ಬರೀಲಿ!"

ಕಾಕಾ ಕಣ್ಣು ಮುಚ್ಚಿಕೊಂಡರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರವೇ ಪರದೆ ಕಟ್ಟಿದ ಟಾಂಗಾದಲ್ಲಿ ಬೇಗಂ ಸಾಹೇಬರು ಬಂದಿಳಿದರು. ಸುಣ್ಣದವನು ಮಾತ್ರ ಆಮೇಲೆ ಬರಲಿಲ್ಲ.

ನಾನು ಮದುವೆಯಾಗಿ ತಳಕಲ್ಲಿಗೆ ಹೋದ ಕೆಲವು ವರ್ಷಕ್ಕೆ ಚಿಗವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದೇ ಹೋಯಿತು. ಸುದ್ದಿ ತಿಳಿದು ಓಡಿ ಬಂದೆ. ಅವಳು ಮಲಗಿದ್ದ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟೆ. ಮಂಚದ ಎದುರಿನ ಗೋಡೆಗೆ ಮುಖ ಮಾಡಿ ಕಾಕಾ ಮೊಣಕಾಲೂರಿ ಕೂತಿದ್ದರು. ಮೊಣಕೈವರೆಗೂ ಕೆಮ್ಮಣ್ಣು.

"ನವಿಲಿನ ಕುತ್ತಿಗಿ ಸಣ್ಣಗ ಮಾಡ್ರಿ," ಚಿಗವ್ವನ ಮಾತು ತೊದಲುತ್ತಿತ್ತು. "ಎಮ್ಮಿ ಆಗೇತಿ ಅದು."

"ಇರು, ಇನ್ನೂ ಕಾಲು ಬರದಿಲ್ಲ," ಎಂದರು ಕಾಕಾ, ತಿರುಗಿ ನೋಡದೆ.

ಬರೆದು ಮುಗಿಸಿ ಅವರು ಮಂಚದ ಹತ್ತಿರ ಬಂದರು. ಚಿಗವ್ವ ಎಡಗೈಯಿಂದ ಸೆರಗು ಹಿಡಿದು, ಅವರ ಕೆನ್ನೆಗೆ ಅಂಟಿದ್ದ ಮಣ್ಣನ್ನು ಮೆಲ್ಲಗೆ ಒರೆಸಿದಳು.

"ನಾಳೆ ಗಿಳಿ ಬರೀರಿ," ಎಂದಳು.